ಟೈಬೀರಿಯಸನ ಬೆಳ್ಳಿ ನಾಣ್ಯವನ್ನು ಓದುವುದು ಹೇಗೆ?

ರೋಮನ್ ಡಿನಾರಿಯಸ್, ಅಂದರೆ ಬೆಳ್ಳಿ ನಾಣ್ಯ, ಸಿಕ್ಕರೆ ಮೊದಲು ಮುಖ ನೋಡಿ ಯಾವ ಚಕ್ರವರ್ತಿ ಅಂತ ಹೇಳಲು ಹೋಗಬೇಡಿ. ಅಕ್ಷರ ನಂಬಿ. ಟೈಬೀರಿಯಸನ (ಕ್ರಿ.ಶ. 14–37) ಕೆಲವು ನಾಣ್ಯಗಳಲ್ಲಿ ಮುಖ ಅವನ ಹಿಂದಿನ ಚಕ್ರವರ್ತಿ ಆಗಸ್ಟಸನದ್ದೇ ಅನ್ನುವಷ್ಟು ಹೋಲುತ್ತದೆ.

ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಡಿ. ಮೇಲಿಂದ ಬಿಟ್ಟರೆ ಬರೀ ಹೊಳಪು ಕಾಣುತ್ತದೆ, ಓರೆ ಬೆಳಕಿಗೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಈಗ ನಾಣ್ಯ ತಿರುಗಿಸುತ್ತಾ ಓದಿ: 'ಟಿ ಸೀಸರ್ ಡಿವಿ ಆಗ್ ಎಫ್ ಆಗಸ್ಟಸ್'. ಲ್ಯಾಟಿನ್ ಅಕ್ಷರಗಳಲ್ಲಿ 'ಯು' ಇರಬೇಕಾದ ಕಡೆ 'ವಿ' ಇರುತ್ತದೆ, ಪದಗಳ ನಡುವೆ ಜಾಗ ಇರುವುದೇ ಕಡಿಮೆ, ಹಾಗಾಗಿ ಶುರುವಿನಲ್ಲಿ ತಡವರಿಸುವುದು ಸಹಜ. 'ಟಿ' ಅಂದರೆ ಟೈಬೀರಿಯಸ್, 'ಡಿವಿ ಆಗ್' ಅಂದರೆ ದೇವರಾದ ಆಗಸ್ಟಸನ, 'ಎಫ್' ಅಂದರೆ ಫಿಲಿಯಸ್, ಮಗ. ಕೊನೆಯ 'ಆಗಸ್ಟಸ್' ಇಲ್ಲಿ ಟೈಬೀರಿಯಸನ ಬಿರುದು. ದೇವರಾದ ಆಗಸ್ಟಸನ ಮಗ ಅನ್ನುವುದೇ ಟೈಬೀರಿಯಸನ ಅಧಿಕಾರದ ಆಧಾರ, ಅದನ್ನೇ ಸಂತೆಯಲ್ಲಿ ಕೈ ಬದಲಾಯಿಸುವ ಬೆಳ್ಳಿಯ ಮೇಲೆ ಬರೆಸಿದ್ದಾನೆ. ತಲೆ ಮೇಲಿನ ಎಲೆಗಳ ಕಿರೀಟವನ್ನೂ ನೋಡಿ, ಅದರ ಪಟ್ಟಿ ಕುತ್ತಿಗೆಯ ಹಿಂದೆ ಗಂಟು ಕಟ್ಟಿ ಇಳಿಬಿದ್ದಿರುತ್ತದೆ.

ಹಿಂಬದಿಯಲ್ಲಿ 'ಪಾಂಟಿಫ್ ಮ್ಯಾಕ್ಸಿಮ್', ಅಂದರೆ ಪ್ರಧಾನ ಅರ್ಚಕ. ನಡುವೆ ಪೀಠದ ಮೇಲೆ ಕುಳಿತ ಹೆಂಗಸು, ಒಂದು ಕೈಯಲ್ಲಿ ಉದ್ದನೆ ದಂಡ, ಇನ್ನೊಂದರಲ್ಲಿ ಕೊಂಬೆ. ಇವಳು ಟೈಬೀರಿಯಸನ ತಾಯಿ ಲಿವಿಯಾ ಅಂತ ಹಲವರು ಹೇಳುತ್ತಾರೆ, ಆದರೆ ನಾಣ್ಯದ ಮೇಲೆ ಹೆಸರಿಲ್ಲ. ನನಗೆ ಇಷ್ಟವಾದ ಜಾಗ ಪೀಠದ ಕಾಲುಗಳು. ಕೆಲವು ಅಚ್ಚುಗಳಲ್ಲಿ ಸಾದಾ, ಕೆಲವದರಲ್ಲಿ ಕೆತ್ತನೆಯಿದೆ, ಮತ್ತು ಬೇರೆ ಬೇರೆ ಹಂತದ ನಾಣ್ಯಗಳನ್ನು ಗುರುತಿಸುವುದು ಇಂಥದ್ದರಿಂದಲೇ.

ಆಮೇಲೆ ತೂಕ: ಸುಮಾರು 3.7 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಮೈಮೇಲೆ ಸಣ್ಣ ಗುಳ್ಳೆಗಳ ಗುರುತು ಕಂಡರೆ ಎರಕ ಹೊಯ್ದ ನಕಲಿ ಇರಬಹುದು. ಚಿತ್ರ ಪಕ್ಕಕ್ಕೆ ಜಾರಿದ್ದರೆ ಗಾಬರಿ ಬೇಡ. ಕೈಯಿಂದ ಸುತ್ತಿಗೆ ಹೊಡೆದು ಟಂಕಿಸಿದ್ದಲ್ವಾ, ಹಾಗಾಗುತ್ತದೆ. ಮುಖದ ಮೇಲೆ ಉಳಿಯಿಂದ ಕಡಿದ ಗಾಯ ಕಂಡರೂ ಎಸೆಯಬೇಡಿ, ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಇಂಥವು ಇವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸನ ಡಿನಾರಿಯಸ್ ಸಿಕ್ಕಿದೆ, 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತ್ತು.

ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಆ ಕಪ್ಪು ಪದರದ ಜೊತೆ ಕೂದಲಿನ ಗೆರೆಗಳೂ ಹೋಗಿಬಿಡುತ್ತವೆ. ನೆಲದಲ್ಲಿ ಸಿಕ್ಕಿದ್ದಾದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯಲ್ಲಿ ಸಿಕ್ಕಿತು ಅಂತ ಅಂದೇ ಬರೆದಿಡಿ.