ಎರಡು ಎಂಜಿನ್ನಿನ ಸಣ್ಣ ವಿಮಾನವನ್ನು ನೀರಿಗಿಳಿಸಬೇಕಾದಾಗ

ನೀರಿಗಿಳಿಸುವ ತಯಾರಿ ಎಂದರೆ ಅನೇಕ ಪೈಲಟ್‌ಗಳು ವೇಗ, ಫ್ಲ್ಯಾಪ್‌ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಇಳಿಬಿಡುವ ಹಲಗೆ) ಲೆಕ್ಕಕ್ಕೇ ನಿಲ್ಲಿಸಿಬಿಡುತ್ತಾರೆ. ಬಾಗಿಲಿನ ಚಿಲಕ ಯಾವ ಕಡೆಗೆ ತಿರುಗುತ್ತದೆ ಎಂದು ಹಿಂದಿನ ಸೀಟಿನವರಿಗೆ ತೋರಿಸಿಯೇ ಇರುವುದಿಲ್ಲ. ಇಳಿದ ಏಟಿಗೆ ಬದುಕುಳಿದವರೂ ಒಳಗೇ ಸಿಕ್ಕಿಕೊಂಡು ಮುಳುಗುವುದು ಇದರಿಂದಲೇ.

ಕೆಲಸ ಶುರುವಾಗುವುದು ನೆಲದ ಮೇಲೆ. ಕಡಲು ದಾಟುವುದಿದ್ದರೆ ಎಂಜಿನ್ ಶುರುಮಾಡುವ ಮೊದಲೇ ಎಲ್ಲರೂ ಲೈಫ್ ಜಾಕೆಟ್ ತೊಡಬೇಕು. ಸೀಟಿನ ಕೆಳಗಿರುವ ಜಾಕೆಟ್ ಇದ್ದೂ ಇಲ್ಲದ ಹಾಗೆ. 2000ದ ಮೇ 31ರ ರಾತ್ರಿ ದಕ್ಷಿಣ ಆಸ್ಟ್ರೇಲಿಯಾದ ಸ್ಪೆನ್ಸರ್ ಕೊಲ್ಲಿಯಲ್ಲಿ ಎರಡೂ ಎಂಜಿನ್ ಕೈಕೊಟ್ಟು ನೀರಿಗಿಳಿದ ಪೈಪರ್ ಚೀಫ್ಟನ್‌ನಲ್ಲಿ 8 ಜನರಿದ್ದರು, ಜಾಕೆಟ್ ಒಂದೂ ಇರಲಿಲ್ಲ. ಯಾರೂ ಉಳಿಯಲಿಲ್ಲ. ದೋಣಿಯವರು ಬಳಸುವ, ನೀರು ತಾಗಿದೊಡನೆ ತಾನೇ ಉಬ್ಬುವ ಜಾಕೆಟ್ ಮಾತ್ರ ಬೇಡವೇ ಬೇಡ. ಅದು ಕ್ಯಾಬಿನ್ನಿನೊಳಗೇ ಉಬ್ಬಿ ನಿಮ್ಮನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಕೆಳಗೆ ಮುಳುಗಿದ ಬಾಗಿಲನ್ನು ತಲುಪಲು ಬಿಡುವುದಿಲ್ಲ. ಹಿಡಿ ಎಳೆದರಷ್ಟೇ ಉಬ್ಬುವುದನ್ನು ಕೊಳ್ಳಿ.

ಕಷ್ಟ ಎದುರಾದಾಗ ರೇಡಿಯೊದ ತುರ್ತು ತರಂಗ 121.5 ಮೆಗಾಹರ್ಟ್ಸ್‌ನಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಡಿ, ರಾಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700 ಹಾಕಿ.

ಒಂದು ಎಂಜಿನ್ ಓಡುತ್ತಿದ್ದೂ ಎತ್ತರ ನಿಲ್ಲುತ್ತಿಲ್ಲವೆಂದರೆ ಇಂಧನ ಖಾಲಿಯಾಗುವ ತನಕ ಕಾಯಬೇಡಿ, ಶಕ್ತಿ ಕೈಯಲ್ಲಿದ್ದಾಗಲೇ ಇಳಿಯಿರಿ. ಆದರೆ ವೇಗಮಾಪಕದಲ್ಲಿ ಕಡಿಮೆ ವೇಗದ ಕಡೆಗಿರುವ ಕೆಂಪು ಗೆರೆಗಿಂತ (ಒಂದೇ ಎಂಜಿನ್ ಓಡುವಾಗ ವಿಮಾನ ಹತೋಟಿಯಲ್ಲಿರಲು ಬೇಕಾದ ಕನಿಷ್ಠ ವೇಗ) ವೇಗ ಇಳಿದ ಮೇಲೆ ಆ ಒಂದು ಎಂಜಿನ್ನಿಗೆ ಪೂರ್ತಿ ಥ್ರಾಟಲ್ ಕೊಟ್ಟಿರೋ, ವಿಮಾನ ಸತ್ತ ಎಂಜಿನ್ನಿನ ಕಡೆಗೆ ಮಗುಚಿಕೊಳ್ಳುತ್ತದೆ. ಚಕ್ರಗಳು ಮಡಚಿರಲಿ. ಹೆದ್ದೆರೆಗಳ ಉದ್ದಕ್ಕೇ ಸಾಗಿ, ಅಲೆಯ ನೆತ್ತಿಯಲ್ಲೋ ಬೆನ್ನಿನ ಮೇಲೋ ಇಳಿಸಿ. ಏರಿಬರುವ ಅಲೆಗೆ ಮುಖ ಕೊಡಬೇಡಿ. ಗಾಳಿ 35 ನಾಟ್ ಮೀರಿದ್ದರೆ ಮಾತ್ರ ಗಾಳಿಗೆ ಎದುರಾಗಿ. ನೀರು ಕನ್ನಡಿಯಂತೆ ನಿಂತಿದ್ದರೆ ಎತ್ತರದ ವಿಷಯದಲ್ಲಿ ಕಣ್ಣನ್ನು ನಂಬಲೇಬೇಡಿ. ಮೂತಿ ತುಸು ಮೇಲಿಟ್ಟು, ನಿಧಾನ ಇಳಿತವನ್ನೇ ನೀರು ಮುಟ್ಟುವ ತನಕ ಹಿಡಿದಿಡಿ.

ಇನ್ನು ಬಾಗಿಲು. ನೀರು ಮುಟ್ಟುವ ಮೊದಲೇ ಚಿಲಕ ತೆಗೆದು, ಸಂದಿಯಲ್ಲಿ ಒಂದು ಶೂ ಸಿಕ್ಕಿಸಿ. ಏಟಿಗೆ ಚೌಕಟ್ಟು ಸೊಟ್ಟಗಾದರೆ ಮುಚ್ಚಿದ ಬಾಗಿಲು ಜಗ್ಗುವುದಿಲ್ಲ. ಪೈಪರ್ ಅಜ್ಟೆಕ್‌ನಂಥ ವಿಮಾನದಲ್ಲಿ ಮುಂದಿನ ಬಾಗಿಲಿರುವುದು ಬಲಗಡೆ ಮಾತ್ರ, ಬಲಸೀಟಿನವರು ಏಳದೆ ಪೈಲಟ್ ಹೊರಬರುವಂತಿಲ್ಲ. ಹಾಗಾಗಿ ಯಾರ ಹಿಂದೆ ಯಾರು ಎಂಬುದು ಗಾಳಿಯಲ್ಲಿರುವಾಗಲೇ ತೀರ್ಮಾನವಾಗಿರಬೇಕು. ಹೆಡ್‌ಸೆಟ್ ಕಳಚಿಡಿ, ಅದರ ವೈರು ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಮೊದಲ ಏಟು ಬಾಲದ್ದು, ಸಣ್ಣದು. ಅಷ್ಟಕ್ಕೇ ಬೆಲ್ಟ್ ಬಿಚ್ಚುವವರಿದ್ದಾರೆ. ಮೂತಿ ನೀರಿಗೆ ಬಡಿಯುವ ಎರಡನೆಯ ಏಟೇ ದೊಡ್ಡದು. ಅಲುಗಾಟ ಪೂರ್ತಿ ನಿಲ್ಲಲಿ. ವಿಮಾನ ಮಗುಚಿ ತಲೆಕೆಳಗಾಗಿದ್ದರೆ ಮೇಲೆ-ಕೆಳಗೆ ಯಾವುದೆಂದೇ ತಿಳಿಯುವುದಿಲ್ಲ, ಕೈಯನ್ನಷ್ಟೇ ನಂಬಬೇಕು. ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದೇ ಇರಲಿ. ಇನ್ನೊಂದು ಕೈಯಿಂದ ಬಾಗಿಲು ತಳ್ಳಿ, ಆಮೇಲೆ ಬೆಲ್ಟ್ ಬಿಚ್ಚಿ. ಮೊದಲೇ ಬಿಚ್ಚಿದರೆ ತೇಲಿಹೋಗುತ್ತೀರಿ, ತಳ್ಳಲು ಆಧಾರವೇ ಇರುವುದಿಲ್ಲ. ಬಾಗಿಲು ಜಗ್ಗದಿದ್ದರೆ ಒಳಗೆ ನೀರು ತುಂಬುವ ತನಕ ತಾಳಿ, ಹೊರಗಿನ ಒತ್ತಡ ಸಮನಾದ ಮೇಲೆ ಮತ್ತೆ ತಳ್ಳಿ. ಚೌಕಟ್ಟು ಹಿಡಿದ ಕೈ ಬಿಡದೆ ಮೈಯನ್ನು ಹೊರಗೆಳೆದುಕೊಳ್ಳಿ.

ಹೊರಬಂದ ಮೇಲೆಯೇ ಜಾಕೆಟ್ಟಿನ ಹಿಡಿ ಎಳೆಯಿರಿ. ರಾಫ್ಟ್ (ಗಾಳಿ ತುಂಬಿ ಉಬ್ಬುವ ತೆಪ್ಪ) ಇದ್ದರೆ ಎಸೆಯುವ ಮೊದಲು ಅದರ ಹಗ್ಗವನ್ನು ಒಬ್ಬರು ಕೈಯಲ್ಲಿ ಹಿಡಿದಿರಲಿ, ಉಬ್ಬಿದ ಖಾಲಿ ರಾಫ್ಟನ್ನು ಗಾಳಿ ಹೊತ್ತೊಯ್ಯುತ್ತದೆ.