ಬಿಸಿಲೂರಿನ ಈಜುಗೊಳ: ಕ್ಲೋರಿನ್ ಸುರಿಯುವ ಮುನ್ನ ನೀರಿನ ಗುಣ ನೋಡಿ

ಯುಗಾದಿ ಹತ್ತಿರ ಬರುವಷ್ಟರಲ್ಲಿ ವಿಜಯಪುರ, ಬಾಗಲಕೋಟೆ ಕಡೆ ನೆಲ ಕಾಯತೊಡಗುತ್ತದೆ. ತೋಟದ ಮನೆಗಳಲ್ಲಿ, ಊರ ಹೊರಗಿನ ಬಡಾವಣೆಗಳಲ್ಲಿ ಸಣ್ಣ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದವರು ಈಗ ಬಹಳ ಮಂದಿ. ಕೆಲವರು ಹಳೆಯ ನೀರಿನ ಹೌದಿಗೇ ಟೈಲ್ಸ್ ಹಚ್ಚಿಸಿ, ಫಿಲ್ಟರ್ ಕೂಡಿಸಿ ಪೂಲ್ ಮಾಡಿಕೊಂಡಿರುತ್ತಾರೆ. ಏಪ್ರಿಲ್ ನಡುವಿಗೆ ನೀರು ಹಸಿರಾಯಿತು, ಹುಡುಗರ ಕಣ್ಣು ಕೆಂಪಾದವು ಎಂದು ಬ್ಲೀಚಿಂಗ್ ಪೌಡರ್ ಬೊಗಸೆಗಟ್ಟಲೆ ಬೀಳತೊಡಗುತ್ತದೆ. ಬಹಳ ಸಲ ಕ್ಲೋರಿನ್ ಸಾಕಷ್ಟೇ ಬಿದ್ದಿರುತ್ತದೆ, ಆದರೆ ಕೆಲಸ ಮಾಡಿರುವುದಿಲ್ಲ. ಅದಕ್ಕೆ ಅಡ್ಡ ಬರುವವು ಎರಡು: ನಮ್ಮ ಗಡಸು ನೀರು ಮತ್ತು ನಮ್ಮ ಬಿಸಿಲು.

ಮೊದಲು ನೀರಿನ ಮಾತು. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತ ನೆಲದೊಳಗೇ ಸುಣ್ಣಕಲ್ಲು ಇದೆ. ಅದು ಬೋರಿನ ನೀರಿಗೂ ಇಳಿದಿರುತ್ತದೆ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವವರೆಗೆ ಸುಣ್ಣ ಕರಗಿಯೇ ಇರುತ್ತದೆ. ನೀರು ಪೂಲಿಗೆ ಬಿದ್ದು ಗಾಳಿಗೆ ತೆರೆದುಕೊಂಡು ಕಾದಾಗ ಆ ಅನಿಲ ಹಾರಿಹೋಗುತ್ತದೆ, ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಮೇಲೇರುತ್ತದೆ. ಬೋರಿನ ಬಾಯಲ್ಲಿ 7.3 ಇದ್ದ ನೀರು ಕೆಲವೇ ದಿನಗಳಲ್ಲಿ 8 ದಾಟುವುದು ಇದರಿಂದಲೇ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಸುಮಾರು ಅರ್ಧ ಪಾಲು ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗ, 8.5ಕ್ಕೆ ಹತ್ತರಲ್ಲೊಂದು ಪಾಲು. ಹಾಗಾಗಿ ಪಿಎಚ್ ನೋಡದೆ ಎರಡು ಪಟ್ಟು ಪೌಡರ್ ಹಾಕಿದವರಿಗೆ ಖರ್ಚು ಹೆಚ್ಚುತ್ತದೆ, ಟೈಲ್ಸಿನ ಮೇಲೆ ಬಿಳಿ ಪದರ ಕೂರುತ್ತದೆ, ಪಾಚಿ ಮಾತ್ರ ಇದ್ದಲ್ಲೇ ಇರುತ್ತದೆ. ಪಿಎಚ್ 7.2ರಿಂದ 7.6ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ) ಇರಲಿ.

ಅಳೆಯುವ ಕಿಟ್ ದುಬಾರಿಯೇನಲ್ಲ, ಅದಿಲ್ಲದೆ ಪೂಲ್ ಇಟ್ಟುಕೊಳ್ಳಬೇಡಿ. ಮಾದರಿ ನೀರನ್ನು ಮೇಲ್ಪದರದಿಂದ ತೆಗೆಯಬಾರದು. ಸೀಸೆಯನ್ನು ಬೋರಲು ಹಿಡಿದು ಮೊಣಕೈವರೆಗೆ ನೀರಿಗಿಳಿಸಿ, ಅಲ್ಲಿ ತಿರುಗಿಸಿ ತುಂಬಿಕೊಳ್ಳಿ. ಫಿಲ್ಟರಿನ ನೀರು ಒಳಬರುವ ಬಾಯಿಯಿಂದ ದೂರ ಇರಲಿ. ಪಿಎಚ್ ಹನಿ ಹಾಕಿದಾಗ ಹಳದಿ ಬಂದರೆ ಕಡಿಮೆ, ಕಿತ್ತಳೆಗೆಂಪು ಬಂದರೆ ಸರಿ, ಕಡುಗೆಂಪು ಬಂದರೆ ಹೆಚ್ಚು. ಕ್ಲೋರಿನ್‌ಗೆ ಡಿಪಿಡಿ ಮಾತ್ರೆ ಗುಲಾಬಿ ಬಣ್ಣ ಕೊಡುತ್ತದೆ. ಇಲ್ಲೊಂದು ಮೋಸ ಇದೆ: ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಮಿಂಚಿದ ಹಾಗೆ ಬಂದು ತಕ್ಷಣ ಬಿಳಚಿಹೋಗುತ್ತದೆ. ಕ್ಲೋರಿನ್ ಇಲ್ಲವೇ ಇಲ್ಲ ಎಂದು ತಿಳಿದು ಮತ್ತಷ್ಟು ಸುರಿಯುತ್ತಾರೆ. ಅನುಮಾನ ಬಂದರೆ ಅರ್ಧ ಪೂಲಿನ ನೀರು, ಅರ್ಧ ಕುಡಿಯುವ ಫಿಲ್ಟರ್ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಔಷಧದ ಅಳತೆ ನಿಮ್ಮ ಪೂಲಿನ ಲೀಟರ್ ಲೆಕ್ಕದ ಮೇಲೆ ನಿಂತಿದೆ. ಉದ್ದ, ಅಗಲ, ಸರಾಸರಿ ಆಳ ಇವುಗಳನ್ನು ಅಡಿಯಲ್ಲಿ ಗುಣಿಸಿ, ಮತ್ತೆ 28.3ರಿಂದ ಗುಣಿಸಿ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಪೂಲಿನಲ್ಲಿ ಸುಮಾರು 22,600 ಲೀಟರ್ ಹಿಡಿಯುತ್ತದೆ. ಇದಕ್ಕೆ 2 ಪಿಪಿಎಂ ಕ್ಲೋರಿನ್ ಏರಿಸಲು 45 ಗ್ರಾಂ ಅಸಲು ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಪ್ರತಿಶತ 30ರ ಆಸುಪಾಸು ಇರುವುದರಿಂದ ಅದು 150 ಗ್ರಾಂ. 90 ಪ್ರತಿಶತದ ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ ಎಂಬ ಪೂಲ್ ಔಷಧ) ಆದರೆ 50 ಗ್ರಾಂ. 10 ಪ್ರತಿಶತದ ದ್ರವ ಕ್ಲೋರಿನ್ ಆದರೆ 450 ಮಿಲಿಲೀಟರ್. ಬಾಯಿ ಬಿಚ್ಚಿಟ್ಟ ಪೌಡರ್ ನಮ್ಮ ಸೆಕೆಗೆ ಬೇಗ ಸತ್ತ ಮಾಲಾಗುತ್ತದೆ, ದ್ರವವಂತೂ ಇನ್ನೂ ಬೇಗ. ಹದಿನೈದು ದಿನಕ್ಕೆ ಬೇಕಾದಷ್ಟೇ ತಂದು ನೆರಳಲ್ಲಿಡಿ.

ಪಿಎಚ್ ಇಳಿಸಲು 30 ಪ್ರತಿಶತದ ಹೈಡ್ರೋಕ್ಲೋರಿಕ್ ಆ್ಯಸಿಡ್ ಸಾಕು. ಬಣ್ಣ, ಸುವಾಸನೆ ಬೆರೆಸಿದ ಬಾತ್‌ರೂಮ್ ಆ್ಯಸಿಡ್ ಬೇಡ. ಮೇಲಿನ ಅಳತೆಯ ಪೂಲಿಗೆ ಒಂದು ಸಲಕ್ಕೆ ಕಾಲು ಲೀಟರಿಗಿಂತ ಹೆಚ್ಚು ಹಾಕದೆ, ಪಂಪ್ ಓಡಿಸಿ, ಆರು ಗಂಟೆ ಬಿಟ್ಟು ಅಳೆದು ಮತ್ತೆ ನಿರ್ಧರಿಸಿ. ಗಡಸು ನೀರು ಮೊದಮೊದಲು ಜಗ್ಗುವುದಿಲ್ಲ, ಎರಡು ಮೂರು ಸಲ ಹಾಕಬೇಕಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆ್ಯಸಿಡ್. ಎಂದೂ ಆ್ಯಸಿಡ್ ಮೇಲೆ ನೀರು ಸುರಿಯಬಾರದು. ಗಾಳಿ ಬೆನ್ನಿಗಿರಲಿ, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಕ್ಲೋರಿನ್ ಮತ್ತು ಆ್ಯಸಿಡ್ ಕೂಡಿದರೆ ವಿಷಾನಿಲ ಏಳುತ್ತದೆ; ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಕೂಡಿದರೆ ಬೆಂಕಿಯೇ ಹತ್ತಬಹುದು. ಒಂದರ ಚಮಚ ಇನ್ನೊಂದಕ್ಕೆ ಹಾಕಬೇಡಿ, ಒಂದೇ ಕಪಾಟಿನಲ್ಲಿ ಇಡಲೂ ಬೇಡಿ. ಈ ವಿಷಯದಲ್ಲಿ ಮನೆಯ ಆಳಿಗೆ ಬಾಯಿಮಾತಲ್ಲಿ ಹೇಳಿ ಬಿಡದೆ, ಎದುರು ನಿಂತು ಮಾಡಿ ತೋರಿಸಿ.

ಇನ್ನು ಬಿಸಿಲು. ಮುಂಜಾನೆ ಹಾಕಿದ ಬರಿ ಕ್ಲೋರಿನ್‌ನ ಬಹುಪಾಲನ್ನು ಏರುಬಿಸಿಲು ಎರಡೇ ತಾಸಿನಲ್ಲಿ ತಿಂದುಹಾಕುತ್ತದೆ. ಅದಕ್ಕೇ ಔಷಧ ಹಾಕುವ ಹೊತ್ತು ಸಂಜೆ, ಸೂರ್ಯ ಮುಳುಗಿದ ಮೇಲೆ. ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಲ್ಲಿ ಕಲಸಿ ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಪೂಲಿಗೆ ಹರಡಿ. ತಳದ ಸುಣ್ಣದ ರಾಡಿ ಒಳಗೆ ಹೋಗಬಾರದು. ಟಿಸಿಸಿಎಯಲ್ಲಿ ಕ್ಲೋರಿನ್‌ಗೆ ಬಿಸಿಲಿನಿಂದ ಮರೆ ಕೊಡುವ ಸಯನ್ಯೂರಿಕ್ ಆಮ್ಲ ಇರುತ್ತದೆ, ಜೊತೆಗೆ ಅದು ಪಿಎಚ್ ಅನ್ನೂ ತಗ್ಗಿಸುತ್ತದೆ. ಆ ಲೆಕ್ಕಕ್ಕೆ ನಮ್ಮ ನೀರಿಗೆ ಅದೇ ಒಳ್ಳೆಯದು. ಆದರೆ ಆ ಆಮ್ಲ ಆವಿಯಾಗುವುದಿಲ್ಲ, ಉಳಿಯುತ್ತ ಹೋಗುತ್ತದೆ. ದಿನಕ್ಕೆ 50 ಗ್ರಾಂ ಹಾಕಿದರೆ ಒಂದು ತಿಂಗಳಲ್ಲಿ ಸುಮಾರು 35 ಪಿಪಿಎಂ ಕೂಡುತ್ತದೆ. 30ರಿಂದ 50 ಇದ್ದರೆ ಲಾಭ. 100ರ ಹತ್ತಿರ ಬಂದರೆ ಕ್ಲೋರಿನ್‌ನ ಕೈ ಕಟ್ಟಿಹಾಕುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಟಿಸಿಸಿಎಯಿಂದ ಶುರು ಮಾಡಿ, ಏಪ್ರಿಲ್‌ನಿಂದ ದ್ರವ ಕ್ಲೋರಿನ್‌ಗೆ ಬದಲಾಯಿಸುವುದು ಸರಿಯಾದ ದಾರಿ. ದ್ರವದಿಂದ ಸುಣ್ಣವೂ ಸೇರುವುದಿಲ್ಲ.

ಪಾಚಿ ಕಣ್ಣಿಗೆ ಬೀಳುವ ಮೊದಲೇ ಹಿಡಿಯಬಹುದು. ರಾತ್ರಿ ಮಲಗುವ ಮುನ್ನ ಒಮ್ಮೆ, ಬಿಸಿಲು ಬೀಳುವ ಮೊದಲು ನಸುಕಿನಲ್ಲಿ ಒಮ್ಮೆ ಕ್ಲೋರಿನ್ ಅಳೆಯಿರಿ. ಬಿಸಿಲೇ ಇಲ್ಲದ ಹೊತ್ತಿನಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನೊಳಗೆ ಅದನ್ನು ತಿನ್ನುವುದೇನೋ ಬೆಳೆಯುತ್ತಿದೆ ಎಂದರ್ಥ. ಆಗ ಪಿಎಚ್ 7.2ಕ್ಕೆ ಇಳಿಸಿ, ಸಂಜೆ ಕ್ಲೋರಿನ್ 10 ಪಿಪಿಎಂವರೆಗೆ ಏರಿಸಿ, ಗೋಡೆಯನ್ನೆಲ್ಲ ನೈಲಾನ್ ಬ್ರಷ್‌ನಿಂದ ಉಜ್ಜಿ, ರಾತ್ರಿಯಿಡೀ ಪಂಪ್ ಓಡಿಸಿ. ಬ್ರಷ್ ಬಿಟ್ಟರೆ ಪಾಚಿಯ ಲೋಳೆಪದರದ ಒಳಗೆ ಔಷಧ ಇಳಿಯುವುದಿಲ್ಲ. 3 ಪಿಪಿಎಂಗೆ ಮರಳುವವರೆಗೆ ಯಾರೂ ಇಳಿಯಬಾರದು.

ನಮ್ಮ ಕಡೆ ಮತ್ತೊಂದು ಕಾಟ ಎರೆಹೊಲದ ಧೂಳು. ಮೇ ತಿಂಗಳ ಬಿರುಗಾಳಿ, ಅಡ್ಡಮಳೆ ಹೊಡೆದ ಮಾರನೆಯ ದಿನ ಪೂಲ್ ಚಹಾದ ಬಣ್ಣಕ್ಕೆ ಬರುತ್ತದೆ. ಎರೆಮಣ್ಣಿನ ಕಣ ಎಷ್ಟು ಸಣ್ಣದೆಂದರೆ ಮರಳಿನ ಫಿಲ್ಟರ್ ಅದನ್ನು ಹಿಡಿಯದೆ ಬಿಟ್ಟುಬಿಡುತ್ತದೆ. ಮೂರು ದಿನ ಪಂಪ್ ಓಡಿಸಿದರೂ ತಿಳಿಯಾಗದು. ಸಾವಿರ ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಪಟಿಕ, ಅಂದರೆ ನಮ್ಮ 22,600 ಲೀಟರಿಗೆ ಅರ್ಧ ಕಿಲೋದಷ್ಟು, ನೀರಲ್ಲಿ ಕರಗಿಸಿ ಮೇಲೆಲ್ಲ ಚಿಮುಕಿಸಿ. ವಾಲ್ವನ್ನು ಮರಳು ದಾಟದ ಸರ್ಕ್ಯುಲೇಟ್ ಸ್ಥಾನದಲ್ಲಿಟ್ಟು ಅರ್ಧ ತಾಸು ಓಡಿಸಿ, ಬಂದ್ ಮಾಡಿ, ರಾತ್ರಿಯೆಲ್ಲ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮಣ್ಣೆಲ್ಲ ತಳಕ್ಕೆ ಹಾಸಿಕೊಂಡಿರುತ್ತದೆ. ವಾಲ್ವನ್ನು ವೇಸ್ಟ್ ಕಡೆ ತಿರುಗಿಸಿ, ವ್ಯಾಕ್ಯೂಮ್ ಬ್ರಷ್ಷನ್ನು ನಿಧಾನವಾಗಿ ಎಳೆಯುತ್ತ ಆ ರಾಡಿಯನ್ನು ಹೊರಗೇ ಕಳಿಸಿ. ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ.

ಫಿಲ್ಟರಿನ ಒತ್ತಡದ ಮುಳ್ಳು, ಶುದ್ಧವಿದ್ದಾಗ ಇದ್ದುದಕ್ಕಿಂತ 8ರಿಂದ 10 ಪಿಎಸ್‌ಐ ಏರಿದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯುವ ಬ್ಯಾಕ್‌ವಾಶ್ ಮಾಡಬೇಕು: ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್. ಪಂಪ್ ಬಂದ್ ಮಾಡದೆ ವಾಲ್ವ್ ಹಿಡಿಕೆ ತಿರುಗಿಸಿದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಕಿತ್ತುಬರುತ್ತದೆ, ಆಮೇಲೆ ನೀರು ಸುಮ್ಮನೆ ವೇಸ್ಟ್ ಪೈಪಿನಲ್ಲಿ ಸೋರುತ್ತಿರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎಂಟು ತಾಸಾದರೂ ಫಿಲ್ಟರ್ ಓಡಲಿ.

ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ನೀರು ಆರಿದರೆ ನಮ್ಮ ಲೆಕ್ಕದ ಪೂಲಿನಿಂದ ಸುಮಾರು 150 ಲೀಟರ್ ಹೋಯಿತು. ನೀರು ಹೋದರೂ ಸುಣ್ಣ ಹೋಗುವುದಿಲ್ಲ. ತುಂಬಿದ ಬೋರಿನ ನೀರು ಮತ್ತಷ್ಟು ಸುಣ್ಣ ತರುತ್ತದೆ. ಮೇಲೆ ಶೇಡ್ ನೆಟ್ ಕಟ್ಟಿದರೆ ನೀರೂ ಉಳಿಯುತ್ತದೆ, ಕ್ಲೋರಿನ್ನೂ ಉಳಿಯುತ್ತದೆ. ಇಳಿತ ಹೆಚ್ಚೆನಿಸಿದರೆ, ಬಕೆಟ್ಟಿಗೆ ಪೂಲಿನ ನೀರನ್ನೇ ತುಂಬಿ ಪಾವಟಿಗೆಯ ಮೇಲಿಡಿ. ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ದಿನ ಬಿಡಿ. ಹೊರಗಿನ ಮಟ್ಟ ಒಳಗಿನದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ. ಎರೆಭೂಮಿ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆ ಸೀಳುವುದು ಸಾಮಾನ್ಯ. ಹೊಸದಾಗಿ ಕಟ್ಟಿಸುವವರು ತಳಕ್ಕೂ ಸುತ್ತಲೂ ಗರಸು ತುಂಬಿಸದೆ ಕೆಲಸ ಮುಂದುವರಿಸಬೇಡಿ.

ಪೂಲ್ ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ನಿಲ್ಲಿಸುತ್ತಾರೆ. ಆ ವಾಸನೆ, ಆ ಕಣ್ಣುರಿ ಎರಡೂ ಬೆವರು, ಮೂತ್ರದ ಜೊತೆ ಕ್ಲೋರಿನ್ ಕೂಡಿ ಹುಟ್ಟಿದ ಕ್ಲೋರಮಿನ್‌ನವು. ಒಳ್ಳೆಯ ಕ್ಲೋರಿನ್ ಸಾಲದೆ ಹೋದ ಗುರುತು. ಇಳಿಯುವ ಮುನ್ನ ಸೋಪು ಹಚ್ಚಿ ಜಳಕ ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಇಳಿಯಬಾರದು, ನೀರಂಚಿನ ಟೈಲ್ಸಿಗೆ ಜಿಡ್ಡಿನ ಗೆರೆ ಕೂರುತ್ತದೆ. ಹೆಣ್ಣುಮಕ್ಕಳು ಕೂದಲನ್ನು ಮೊದಲು ಒಳ್ಳೆಯ ನೀರಿನಲ್ಲಿ ನೆನೆಸಿ ಬಿಗಿದು ಕಟ್ಟಿಕೊಳ್ಳಿ. ನೆಂದ ಕೂದಲು ಪೂಲಿನ ನೀರನ್ನು ಕಡಿಮೆ ಹೀರುತ್ತದೆ. ಭೇದಿ ಆಗುತ್ತಿರುವ ಮಗುವನ್ನು ಇಳಿಸಲೇಬೇಡಿ. ಈಜುವ ಹೊತ್ತು ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ. ನೀರಲ್ಲಿದ್ದರೂ ಮೈ ಬೆವರುತ್ತಲೇ ಇರುತ್ತದೆ, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ.

ಮಕ್ಕಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಕೈಗೆ ಎಟಕುವಷ್ಟು ಹತ್ತಿರ ದೊಡ್ಡವರೊಬ್ಬರು ಇರಬೇಕು, ಅವರ ಕೈಯಲ್ಲಿ ಫೋನ್ ಇರಬಾರದು. ಬೆಂಡು, ಟ್ಯೂಬ್ ಈಜು ಕಲಿಯಲು ಮಾತ್ರ, ಅವುಗಳ ಮೇಲೆ ನಂಬಿಕೆ ಇಟ್ಟು ಒಳಗೆ ಹೋಗಬೇಡಿ. ಪೂಲಿನ ಸುತ್ತ ನಾಲ್ಕು ಅಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಇರಲಿ. ತಳದ ನೀರು ಎಳೆಯುವ ಜಾಳಿಗೆ ಮುರಿದಿದ್ದರೆ ಅದು ಕೂದಲನ್ನೂ ಎಳೆದು ಹಿಡಿಯುತ್ತದೆ. ಹೊಸದು ಹಾಕುವವರೆಗೆ ಪೂಲ್ ಬಂದ್. ಪಂಪಿಗೆ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು.

ಹೊಲದ ಕೃಷಿ ಹೊಂಡದಲ್ಲಿ ಈಜಲು ಯಾರನ್ನೂ ಬಿಡಬೇಡಿ. ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸರೂ ಕಾಲೂರಿ ಮೇಲೆ ಬರಲಾರರು. ನಾಲ್ಕೂ ಬದಿಗೆ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ತಳ ಮುಟ್ಟುವ ಹಾಗೆ ಇಳಿಬಿಡಿ, ತುದಿಗೆ ಹಳೆಯ ಟೈರು ಕಟ್ಟಿ. ಸಣ್ಣ ಮಕ್ಕಳಿಗೆ ಅಂಗಳದ ಪ್ಲಾಸ್ಟಿಕ್ ಟಬ್ಬೇ ಸಾಕು. ಅದಕ್ಕೆ ಔಷಧ ಬೇಡ. ಮೊಣಕಾಲುದ್ದ ನೀರು ತುಂಬಿ, ಆಟ ಮುಗಿದ ಕೂಡಲೇ ಗಿಡಗಳಿಗೆ ಸುರಿದು, ಟಬ್ಬನ್ನು ಒರೆಸಿ ಬೋರಲು ಹಾಕಿ.