ದೂರದಿಂದ ಬಂದ ಒಡಹುಟ್ಟಿದವರೊಡನೆ ಸಣ್ಣ ಹಡಗಿನ ದ್ವೀಪಯಾನ: ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು

ವರ್ಷಗಟ್ಟಲೆ ದೂರವಿದ್ದು ಕೆಲವು ವಾರಗಳ ಮಟ್ಟಿಗೆ ಬಂದಿರುವ ಅಕ್ಕನನ್ನೋ ತಮ್ಮನನ್ನೋ ದ್ವೀಪಯಾನಕ್ಕೆ ಕರೆದೊಯ್ಯುವವರು ಸಾಮಾನ್ಯವಾಗಿ ಎಷ್ಟು ದ್ವೀಪಗಳನ್ನು ನೋಡಬಹುದೆಂಬ ಲೆಕ್ಕದಿಂದ ಆರಂಭಿಸುತ್ತಾರೆ. ಆ ಲೆಕ್ಕವನ್ನು ಬದಿಗಿಡುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಸಾಗುವಾಗ ಡೆಕ್ಕಿನ ಮೇಲೆ ಅಕ್ಕಪಕ್ಕ ಕುಳಿತು ಕಳೆಯುವ ಗಂಟೆಗಳೇ ಸಣ್ಣ ಹಡಗಿನ ನಿಜವಾದ ಕೊಡುಗೆ, ಒಡಹುಟ್ಟಿದವರಿಗೆ ಬೇಕಾಗಿರುವುದೂ ಅದೇ. ಆದ್ದರಿಂದ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಕಡೆ ಮಾತ್ರ ನಿಲ್ಲುವ ಪ್ರಯಾಣವನ್ನು ಆರಿಸಿಕೊಳ್ಳಿ.

ಹಡಗನ್ನು ಗೊತ್ತುಮಾಡುವ ಮೊದಲು ಬಂದವರ ವೀಸಾವನ್ನು ಒಮ್ಮೆ ಓದಿ. ಕೆಲವೇ ಗಂಟೆಗಳ ದೂರದಲ್ಲಿರುವ ಮುಂದಿನ ಬಂದರು ಬೇರೆ ದೇಶಕ್ಕೆ ಸೇರಿರಬಹುದು. ಕ್ರೊವೇಷಿಯಾ 2023ರ ಜನವರಿಯಲ್ಲಿ ಷೆಂಗೆನ್ ವಲಯಕ್ಕೆ, ಅಂದರೆ ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಿತು, ನೆರೆಯ ಮಾಂಟೆನೆಗ್ರೊ ಅದರ ಹೊರಗಿದೆ. ಕ್ರೊವೇಷಿಯಾದ ಡುಬ್ರೊವ್ನಿಕ್‌ನಿಂದ ಹೊರಟು ಮಾಂಟೆನೆಗ್ರೊದ ಕೊಟೊರ್ ನೋಡಿ ಮರಳುವ ಹಡಗನ್ನೇರಿದರೆ, ಒಂದೇ ಬಾರಿ ಪ್ರವೇಶಿಸಲು ಅನುಮತಿಯುಳ್ಳ ಷೆಂಗೆನ್ ವೀಸಾ ಪಡೆದವರು ಅದೇ ವೀಸಾದ ಮೇಲೆ ಮತ್ತೆ ಒಳಬರಲಾಗದು. ಗ್ರೀಸಿನ ಕೋಸ್ ದ್ವೀಪದಿಂದ ಎದುರಿನ ಟರ್ಕಿಯ ಬೋಡ್ರಮ್‌ಗೆ ಹೋಗಿಬರುವವರಿಗೂ ಇದೇ ತೊಡಕು ಎದುರಾಗುತ್ತದೆ. ನೀವು ಷೆಂಗೆನ್ ದೇಶವೊಂದರಲ್ಲಿ ನೆಲೆಸಿದ್ದು ವಾಸದ ಪರವಾನಗಿ ಪಡೆದಿದ್ದರೆ ಈ ವಿಷಯ ನಿಮ್ಮ ಗಮನಕ್ಕೇ ಬಾರದಿರಬಹುದು; ಪೇಚಿಗೆ ಸಿಲುಕುವವರು ಅತಿಥಿಗಳು.

ಪ್ರಯಾಣವನ್ನು ಅವರ ವಾಸ್ತವ್ಯದ ನಡುಭಾಗದಲ್ಲಿಡಿ. ದೂರದ ವಿಮಾನಯಾನದ ನಂತರ ನಿದ್ರೆಯ ಹೊತ್ತು ಸರಿಹೋಗಲು ಕೆಲವು ದಿನಗಳು ಬೇಕು, ಮತ್ತು ತಡವಾಗಿ ಬಂದವರಿಗಾಗಿ ಹಡಗು ಕಾಯುವುದಿಲ್ಲ. ಹೊರಡುವ ಊರನ್ನು ಹಿಂದಿನ ದಿನವೇ ತಲುಪಿರಿ.

ಋತುವನ್ನೂ ನೋಡಬೇಕು. ಗ್ರೀಸ್ ಮತ್ತು ಟರ್ಕಿಯ ನಡುವಿನ ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೆಚ್ಚು ಬಲವಾಗಿರುತ್ತದೆ. ಅಂಥ ದಿನಗಳಲ್ಲಿ ಕ್ಯಾಪ್ಟನ್ ದ್ವೀಪಗಳ ಕ್ರಮವನ್ನು ಬದಲಿಸಬಹುದು, ಒಂದನ್ನು ಕೈಬಿಡಲೂಬಹುದು. ಇಂಥದೇ ದ್ವೀಪ ನೋಡಬೇಕೆಂದು ಹಂಬಲಿಸಿ ಬಂದವರಿಗೆ ಇದನ್ನು ಮುಂಚಿತವಾಗಿಯೇ ತಿಳಿಸಿ. ಈಕ್ವೆಡಾರ್ ದೇಶದ ದ್ವೀಪಸಮೂಹವಾದ ಗಲಪಾಗೋಸ್‌ನ ರೀತಿ ಬೇರೆ. ಅಲ್ಲಿ ಯಾವ ಹಡಗು ಎಂದು ಎಲ್ಲಿಗೆ ಹೋಗಬೇಕೆಂಬುದನ್ನು ರಾಷ್ಟ್ರೀಯ ಉದ್ಯಾನದ ಆಡಳಿತವೇ ನಿಗದಿಪಡಿಸುತ್ತದೆ; ಒಂದು ಹಡಗಿನಲ್ಲಿ 100ಕ್ಕಿಂತ ಹೆಚ್ಚು ಪ್ರಯಾಣಿಕರಿರುವಂತಿಲ್ಲ, ಪ್ರಾಣಿಗಳಿಂದ ಕನಿಷ್ಠ 2 ಮೀಟರ್ ದೂರದಲ್ಲಿರಬೇಕು.

ಕ್ಯಾಬಿನ್ನಿನ ವಿಷಯದಲ್ಲಿ ಸಂಕೋಚ ಬೇಡ. ಬಾಲ್ಯದಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರು ಈಗಲೂ ಹಾಗೆಯೇ ಇರಬಲ್ಲೆವೆಂದು ಭಾವಿಸುವುದು ಸಹಜ, ಆದರೆ ಇಬ್ಬರ ನಿದ್ರೆ, ಗೊರಕೆ, ಬೆಳಗ್ಗೆ ಏಳುವ ಹೊತ್ತು ಎಲ್ಲವೂ ಈ ನಡುವೆ ಬದಲಾಗಿರುತ್ತವೆ. ಹಣ ಅನುಕೂಲಿಸಿದರೆ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ಒಬ್ಬರಿಗೆ ಇಡೀ ಕ್ಯಾಬಿನ್ ಕೊಡುವುದಕ್ಕೆ ಹಲವು ಕಡೆ ಹೆಚ್ಚುವರಿ ದರವಿರುತ್ತದೆ ಎಂಬುದು ನೆನಪಿರಲಿ. ಒಂದೇ ಆದರೆ, ಬೇರೆ ಬೇರೆ ಎರಡು ಹಾಸಿಗೆಗಳಿವೆಯೇ, ಅವು ಅಕ್ಕಪಕ್ಕದಲ್ಲಿವೆಯೇ ಅಥವಾ ಒಂದರ ಮೇಲೊಂದಿವೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಎಂಜಿನ್ ಕೋಣೆಗೆ ತಾಗಿರುವ ಕ್ಯಾಬಿನ್ನಿನಲ್ಲಿ ರಾತ್ರಿಯಿಡೀ ಸದ್ದಿರುತ್ತದೆ. ತೂಗಾಟ ಅತಿ ಕಡಿಮೆ ಇರುವುದು ಹಡಗಿನ ಉದ್ದದ ನಡುಭಾಗದಲ್ಲಿ, ನೀರಿನ ಮಟ್ಟಕ್ಕೆ ಹತ್ತಿರವಿರುವ ಕೆಳ ಡೆಕ್ಕಿನಲ್ಲಿ. ಮೇಲಿನ ಡೆಕ್ಕಿನ ದೊಡ್ಡ ಕಿಟಕಿಗಾಗಿ ಹೆಚ್ಚು ಹಣ ಕೊಡುವ ಮುನ್ನ ಇದನ್ನು ಯೋಚಿಸಿ.

ಸಣ್ಣ ಹಡಗು ಅಲೆಗೆ ಬೇಗ ಸ್ಪಂದಿಸುತ್ತದೆ. ಒಳಕಿವಿಗೆ ಚಲನೆ ತಿಳಿಯುತ್ತಿರುವಾಗ ಕಣ್ಣಿಗೆ ಕ್ಯಾಬಿನ್ನಿನ ಅಲುಗದ ಗೋಡೆ ಕಾಣುವುದರಿಂದ ಮಿದುಳಿಗೆ ಗೊಂದಲವಾಗಿ ವಾಕರಿಕೆ ಬರುತ್ತದೆ. ಡೆಕ್ಕಿಗೆ ಬಂದು ದಿಗಂತವನ್ನು ನೋಡುತ್ತಾ ಕುಳಿತರೆ ಹಲವರಿಗೆ ಹಗುರವಾಗುವುದೂ ಇದೇ ಕಾರಣದಿಂದ. ಮಾತ್ರೆಗಳು ವಾಂತಿ ಶುರುವಾದ ಮೇಲಲ್ಲ, ಹೊರಡುವ ಮುನ್ನ ನುಂಗಿದರೆ ಕೆಲಸ ಮಾಡುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಎಂಬ ಔಷಧಿಯ ಪಟ್ಟಿಯನ್ನು ಕನಿಷ್ಠ 4 ಗಂಟೆ ಮುಂಚೆ ಹಾಕಬೇಕು, ಅದು 3 ದಿನ ಇರುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಅದು ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಬಳಸಬಾರದು. ಅನೇಕ ಸಣ್ಣ ಹಡಗುಗಳಲ್ಲಿ ವೈದ್ಯರಿರುವುದಿಲ್ಲ. ನಿತ್ಯದ ಔಷಧಿಗಳನ್ನು ಹೆಚ್ಚಾಗಿಯೇ ಒಯ್ಯಿರಿ ಮತ್ತು ತುರ್ತಾಗಿ ದಡಕ್ಕೆ ಸಾಗಿಸುವ ವೆಚ್ಚ ಇಬ್ಬರ ವಿಮೆಯಲ್ಲೂ ಸೇರಿದೆಯೇ ನೋಡಿಕೊಳ್ಳಿ.

ಬಂದರಿಲ್ಲದ ದ್ವೀಪದಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಪ್ರಯಾಣಿಕರು ರಬ್ಬರ್ ದೋಣಿಯಲ್ಲಿ ದಡ ಸೇರುತ್ತಾರೆ. ಕೆಲವೆಡೆ ಕಲ್ಲಿನ ಮೇಲೆ ಕಾಲಿಡಬಹುದು, ಕೆಲವೆಡೆ ಮೊಣಕಾಲಷ್ಟು ನೀರಿಗೇ ಇಳಿಯಬೇಕು. ಸಿಬ್ಬಂದಿ ಕೈ ಚಾಚಿದಾಗ ಅಂಗೈಯನ್ನಲ್ಲ, ಅವರ ಮುಂಗೈಯನ್ನು ಹಿಡಿಯಿರಿ; ಇಬ್ಬರೂ ಪರಸ್ಪರ ಮುಂಗೈ ಹಿಡಿದರೆ ಕೈ ಜಾರುವುದಿಲ್ಲ. ಇಷ್ಟು ವರ್ಷ ವೀಡಿಯೊ ಕರೆಯಲ್ಲಿ ಮುಖವನ್ನಷ್ಟೇ ನೋಡಿರುವ ನಿಮಗೆ ಅಕ್ಕನ ಮೊಣಕಾಲು ನೋವು ತಿಳಿದಿರುವ ಸಾಧ್ಯತೆ ಕಡಿಮೆ. ಹಣ ಕಟ್ಟುವ ಮೊದಲೇ ಮೆಟ್ಟಿಲು ಹತ್ತುವುದು, ಈಜು, ನೀರಿನ ಭಯ ಇವುಗಳ ಬಗ್ಗೆ ನೇರವಾಗಿ ಕೇಳಿ. ಅವರಿಗೆ ಇಳಿಯಲು ಮನಸ್ಸಿಲ್ಲದ ದಿನ ನೀವೊಬ್ಬರೇ ಇಳಿಯಬಹುದೆಂದು ಒಪ್ಪಿಕೊಂಡಿರಿ. ಕೆಲವು ಗಂಟೆ ಬೇರೆಯಿದ್ದು ಬಂದರೆ ಸಂಜೆಯ ಊಟಕ್ಕೆ ಹೇಳಿಕೊಳ್ಳಲು ಹೊಸ ಮಾತಿರುತ್ತದೆ.

ಮೊದಲ ದಿನದ ಸುರಕ್ಷತಾ ಅಭ್ಯಾಸಕ್ಕೆ ಇಬ್ಬರೂ ತಪ್ಪದೆ ಹೋಗಿ. ಏಳು ಗಿಡ್ಡ ಸದ್ದು ಮತ್ತು ಒಂದು ಉದ್ದ ಸದ್ದು ಕೇಳಿದರೆ ಅದು ತುರ್ತು ಸೂಚನೆ. ಆಗ ಒಬ್ಬರನ್ನೊಬ್ಬರು ಹುಡುಕುತ್ತಾ ಅಲೆಯದೆ ಇಬ್ಬರೂ ನಿಗದಿತ ಸ್ಥಳದಲ್ಲೇ ಸೇರಬೇಕೆಂದು ಅಂದೇ ಮಾತನಾಡಿಕೊಳ್ಳಿ.

ಹಡಗಿನಿಂದ ಇಳಿದ ಮೇಲೆ, ಅವರ ವಿಮಾನಕ್ಕೆ ಮೊದಲು, ಕನಿಷ್ಠ ಎರಡು ದಿನ ಖಾಲಿ ಬಿಡಿ. ಉಪ್ಪು ಹಿಡಿದ ಬಟ್ಟೆ ಒಗೆದು ಒಣಗಿಸಬೇಕು, ಸಮುದ್ರದ ನಡುವೆ ಇಂಟರ್ನೆಟ್ ಸಿಗದೆ ಉಳಿದ ಫೋಟೊಗಳನ್ನು ಒಬ್ಬರಿಂದೊಬ್ಬರು ಪಡೆಯಬೇಕು, ಮತ್ತು ಅವುಗಳನ್ನು ನೋಡುತ್ತಾ ಒಂದು ಇಡೀ ಸಂಜೆ ಒಟ್ಟಿಗೆ ಕೂರಬೇಕು.